ಬ್ಲೂಬುಕ್, ಖಾನ್ ಅಕಾಡೆಮಿ, ಒಂದು ಲಾಂಗ್ ಬುಕ್: ಸ್ಯಾಟ್ ಸ್ಕಾಲರ್‌ಶಿಪ್‌ಗೆ ನಾವು ಹದಿನೆಂಟು ತಿಂಗಳು ಬಳಸಿದ್ದು

ನಾವು ಇರುವುದು ಜಾರ್ಜಿಯಾ ರಾಜ್ಯದ ಕಮಿಂಗ್ ಊರಿನಲ್ಲಿ, ಅಟ್ಲಾಂಟಾದಿಂದ ಉತ್ತರಕ್ಕೆ. ಮಗಳು ಈಗ ಹನ್ನೆರಡನೇ ತರಗತಿ. ಇಲ್ಲಿ ಕಾಲೇಜು ಸೇರಲು ಮಕ್ಕಳು ಸ್ಯಾಟ್ ಅನ್ನುವ 1600 ಅಂಕದ ಪರೀಕ್ಷೆ ಬರೆಯುತ್ತಾರೆ. ಕಳೆದ ವರ್ಷ ಪೂರ್ತಿ, ಕನ್ನಡ ಕೂಟದ ಕಾರ್ಯಕ್ರಮಕ್ಕೆ ಹೋದಾಗಲೆಲ್ಲ, ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಒಂದೇ ಪ್ರಶ್ನೆ ಬರುತ್ತಿತ್ತು. "ಸ್ಯಾಟ್‌ಗೆ ಎಲ್ಲಿ ಕೋಚಿಂಗ್ ಹಾಕಿದ್ದೀರಿ?" ಮನೆಯಲ್ಲೇ ಓದುತ್ತಾಳೆ, ಬ್ಲೂಬುಕ್ ಮತ್ತು ಖಾನ್ ಅಕಾಡೆಮಿ ಅಷ್ಟೇ ಅಂದರೆ ಯಾರೂ ಪೂರ್ತಿ ನಂಬುತ್ತಿರಲಿಲ್ಲ. ಏನೋ ಮುಚ್ಚಿಡುತ್ತಿದ್ದೇನೆ ಅನ್ನುವ ಹಾಗೆ ನೋಡುತ್ತಿದ್ದರು. ಮುಚ್ಚಿಡುವಂಥದ್ದು ಏನೂ ಇಲ್ಲ. ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ, ನಮ್ಮ ಸ್ಕೋರು, ನಾವು ಕಳೆದುಕೊಂಡ ದುಡ್ಡು ಸಮೇತ.

ಬ್ಲೂಬುಕ್ ಅಂದರೆ ಸ್ಯಾಟ್ ನಡೆಸುವ ಕಾಲೇಜ್ ಬೋರ್ಡ್‌ನದ್ದೇ ಆ್ಯಪ್. ನಿಜವಾದ ಪರೀಕ್ಷೆ ಬರೆಯುವುದೂ ಅದರಲ್ಲೇ, ಅಭ್ಯಾಸದ ಪರೀಕ್ಷೆ ಬರೆಯುವುದೂ ಅದರಲ್ಲೇ. ಖಾನ್ ಅಕಾಡೆಮಿ ಆನ್‌ಲೈನ್‌ನಲ್ಲಿ ಪಾಠ ಹೇಳಿಕೊಡುವ ಸಂಸ್ಥೆ, 2015ರಿಂದ ಕಾಲೇಜ್ ಬೋರ್ಡ್ ಜೊತೆ ಸೇರಿ ಸ್ಯಾಟ್ ಪಾಠ ಕೊಡುತ್ತಿದೆ. ಎರಡಕ್ಕೂ ಒಂದು ಪೈಸೆ ಕೊಡಬೇಕಾಗಿಲ್ಲ. ಮಗಳು ಶುರು ಮಾಡಿದ್ದು ಹತ್ತನೇ ತರಗತಿಯಲ್ಲಿ, 2024ರ ಫೆಬ್ರುವರಿಯಲ್ಲಿ. ಮೊದಲ ಅಭ್ಯಾಸ ಪರೀಕ್ಷೆಯಲ್ಲಿ 1240 ಬಂತು. ಕೊನೆಗೆ 2025ರ ಆಗಸ್ಟ್‌ನ ಸ್ಯಾಟ್‌ನಲ್ಲಿ 1490. ಮಧ್ಯದಲ್ಲಿ ಏನಾಯಿತು ಅನ್ನುವುದೇ ಈ ಬರಹ.

ಮೊದಲು ಕೋಚಿಂಗ್ ವಿಷಯ ಹೇಳಿಬಿಡುತ್ತೇನೆ. ನಾವೂ ಹೋಗಿದ್ದೆವು. ಒಂದು ಇಂಡಿಯನ್ ಅಂಗಡಿ ಪಕ್ಕದಲ್ಲಿ ಸೆಂಟರ್ ಇತ್ತು. ಮೊದಲ ದಿನ ಉಚಿತವಾಗಿ ಒಂದು ಪರೀಕ್ಷೆ ಬರೆಸಿದರು, ಪೇಪರ್ ಮೇಲೆ. ಒಂದು ಗಂಟೆ ಬಿಟ್ಟು ನನ್ನನ್ನು ಒಳಗೆ ಕರೆದು 1060 ಅಂದರು. ಎದೆ ಧಸಕ್ಕೆಂದಿತು. "ಹೀಗೇ ಬಿಟ್ಟರೆ ಸ್ಕಾಲರ್‌ಶಿಪ್ ಮರೆತುಬಿಡಿ ಮೇಡಂ" ಅಂದರು. ಎಂಟು ವಾರಕ್ಕೆ 1,800 ಡಾಲರ್. ಅರ್ಧ ದುಡ್ಡು ಅಲ್ಲೇ ಕಟ್ಟಿ ಬಂದೆ. ಅದೇ ವಾರ ಮಗಳು ಮನೆಯಲ್ಲಿ ಬ್ಲೂಬುಕ್ ಹಾಕಿಕೊಂಡು ಬರೆದಾಗ ಬಂದಿದ್ದು 1240. ಎರಡಕ್ಕೂ ನಡುವೆ ನಾಲ್ಕು ದಿನ. ನಾಲ್ಕು ದಿನದಲ್ಲಿ ಯಾರ ಬುದ್ಧಿಯೂ 180 ಅಂಕ ಬೆಳೆಯುವುದಿಲ್ಲ ಅಲ್ವಾ? ಅವರು ಬರೆಸಿದ್ದು ಹಳೇ ಮಾದರಿಯ ಪೇಪರ್. 2024ರ ಮಾರ್ಚ್‌ನಿಂದ ಅಮೆರಿಕದಲ್ಲಿ ಸ್ಯಾಟ್ ಪೂರ್ತಿ ಕಂಪ್ಯೂಟರ್ ಮೇಲೆ ಬಂದಿದೆ. ಹಳೆಯದರಲ್ಲಿ ಉದ್ದುದ್ದ ಪ್ಯಾಸೇಜ್, ಒಂದೊಂದಕ್ಕೆ ಹತ್ತು ಪ್ರಶ್ನೆ. ಈಗಿನದರಲ್ಲಿ ಒಂದು ಪುಟ್ಟ ಪ್ಯಾರಾ, ಅದಕ್ಕೆ ಒಂದೇ ಪ್ರಶ್ನೆ. ಓದುವ ರೀತಿಯೇ ಬೇರೆ. ಮೂರು ಕ್ಲಾಸ್ ಆದ ಮೇಲೂ ಅದೇ ಹಳೇ ಹಾಳೆಗಳನ್ನೇ ಕೊಟ್ಟರು. ಬಿಡಿಸಿಕೊಂಡು ಬಂದೆವು. 900 ಡಾಲರ್ ವಾಪಸ್ ಬರಲಿಲ್ಲ. ನಾನು ಒಂದು ಡೆಂಟಲ್ ಆಫೀಸಿನಲ್ಲಿ ಬಿಲ್ಲಿಂಗ್ ಕೆಲಸ ಮಾಡುತ್ತೇನೆ. ಆ ದುಡ್ಡು ನಮಗೆ ಚಿಕ್ಕದಲ್ಲ. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಎಲ್ಲಾ ಕೋಚಿಂಗೂ ಹೀಗೆ ಅಂತ ನಾನು ಹೇಳುತ್ತಿಲ್ಲ. ಯಾರಾದರೂ ಕಡಿಮೆ ಸ್ಕೋರ್ ತೋರಿಸಿ ಹೆದರಿಸಿದರೆ, ದುಡ್ಡು ಕಟ್ಟುವ ಮೊದಲು ಮನೆಗೆ ಬಂದು ಬ್ಲೂಬುಕ್‌ನಲ್ಲಿ ಒಂದು ಪರೀಕ್ಷೆ ಬರೆಸಿ. ಆ ಸ್ಕೋರನ್ನೇ ನಂಬಿ.

ಸ್ಕಾಲರ್‌ಶಿಪ್ ಅಂತ ಯಾಕೆ ಇಷ್ಟು ತಲೆ ಕೆಡಿಸಿಕೊಂಡೆವು ಅಂದರೆ, ಜಾರ್ಜಿಯಾದಲ್ಲಿ ಅದು ನಿಜವಾಗಿ ಕೈಗೆ ಸಿಗುವ ದುಡ್ಡು. ಇಲ್ಲಿ ಹೋಪ್ ಅಂತ ಒಂದು ಸ್ಕಾಲರ್‌ಶಿಪ್ ಇದೆ. ಝೆಲ್ ಮಿಲ್ಲರ್ ಗವರ್ನರ್ ಆಗಿದ್ದಾಗ, 1993ರಲ್ಲಿ ಶುರುವಾಗಿದ್ದು. ರಾಜ್ಯದ ಲಾಟರಿ ದುಡ್ಡಿನಿಂದ ನಡೆಯುತ್ತದೆ. ಜಿಪಿಎ, ಅಂದರೆ ಹೈಸ್ಕೂಲಿನ ಗ್ರೇಡ್‌ಗಳ ಸರಾಸರಿ, 3.0 ಇದ್ದರೆ ಹೋಪ್. ಅದರ ಮೇಲಿನ ಮೆಟ್ಟಿಲು ಝೆಲ್ ಮಿಲ್ಲರ್ ಸ್ಕಾಲರ್‌ಶಿಪ್. ಅದಕ್ಕೆ ಜಿಪಿಎ 3.7 ಬೇಕು, ಜೊತೆಗೆ ಸ್ಯಾಟ್‌ನಲ್ಲಿ 1200. ಹಿಂದೆ ಹೋಪ್‌ನಲ್ಲಿ ಟ್ಯೂಷನ್, ಅಂದರೆ ಕಾಲೇಜು ಫೀಸಿನ, ಒಂದು ಪಾಲು ಮಾತ್ರ ಸಿಗುತ್ತಿತ್ತು, ಝೆಲ್‌ನಲ್ಲಿ ಪೂರ್ತಿ. 2023ರಿಂದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೋಪ್‌ನವರಿಗೂ ಪೂರ್ತಿ ಟ್ಯೂಷನ್ ಕೊಡುತ್ತಿದ್ದಾರೆ. ಹಾಗಾದರೆ ಝೆಲ್ ಯಾಕೆ ಬೇಕು ಅಂತ ನೀವು ಕೇಳಬಹುದು. ಖಾಸಗಿ ಕಾಲೇಜಿಗೆ ಹೋದರೆ ಝೆಲ್‌ನಲ್ಲಿ ಸ್ವಲ್ಪ ಜಾಸ್ತಿ ಸಿಗುತ್ತದೆ. ಇನ್ನೊಂದು, ರಾಜ್ಯದ ಲೆಕ್ಕ ಏರುಪೇರಾದಾಗ ಮೊದಲು ಕತ್ತರಿ ಬಿದ್ದಿದ್ದು ಹೋಪ್‌ಗೆ. 2011ರಲ್ಲಿ ಹಾಗೇ ಆಯಿತು. ಝೆಲ್ ಕೈಯಲ್ಲಿದ್ದರೆ ನೆಮ್ಮದಿ. ಎರಡರಲ್ಲೂ ಹಾಸ್ಟೆಲ್, ಊಟ, ಪುಸ್ತಕ ಸೇರುವುದಿಲ್ಲ, ಅದನ್ನು ನಾವೇ ನೋಡಿಕೊಳ್ಳಬೇಕು.

ಇಲ್ಲಿ ಎರಡು ವಿಷಯ ನಮ್ಮ ಜನಕ್ಕೆ ಗೊತ್ತಿಲ್ಲದೆ ಪೆಟ್ಟು ಬೀಳುತ್ತದೆ. ಮೊದಲನೆಯದು, ಹೋಪ್‌ಗೆ ಲೆಕ್ಕ ಹಾಕುವ ಜಿಪಿಎ ಶಾಲೆಯ ಜಿಪಿಎ ಅಲ್ಲ. ಶಾಲೆಯವರು ಆನರ್ಸ್ ಅನ್ನುವ ಕಷ್ಟದ ಕ್ಲಾಸಿಗೆ ಸೇರಿಸಿದ ಹೆಚ್ಚಿನ ಅಂಕವನ್ನು ಹೋಪ್‌ನವರು ತೆಗೆದುಬಿಡುತ್ತಾರೆ. ಎಪಿ, ಐಬಿ, ಡ್ಯುಯಲ್ ಎನ್‌ರೋಲ್‌ಮೆಂಟ್, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕ್ಲಾಸುಗಳಿಗೆ ಮಾತ್ರ ಅರ್ಧ ಅಂಕ ಸೇರಿಸುತ್ತಾರೆ, ಅದೂ 4.0 ದಾಟುವ ಹಾಗಿಲ್ಲ. ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ, ವಿದೇಶಿ ಭಾಷೆ ಇಷ್ಟೇ ಲೆಕ್ಕ. ಬ್ಯಾಂಡ್, ಪಿಇ, ಡ್ರಾಯಿಂಗ್ ಯಾವುದೂ ಬರುವುದಿಲ್ಲ. ನಮ್ಮ ಮಗಳ ಮಾರ್ಕ್ಸ್ ಕಾರ್ಡ್‌ನಲ್ಲಿ ಜಿಪಿಎ ನಾಲ್ಕರ ಮೇಲೆ ಇತ್ತು. ಜಿಎ ಫ್ಯೂಚರ್ಸ್ ಅನ್ನುವ ರಾಜ್ಯದ ವೆಬ್‌ಸೈಟಿನಲ್ಲಿ ಅಕೌಂಟ್ ಮಾಡಿ ನೋಡಿದರೆ ಹೋಪ್ ಜಿಪಿಎ 3.74. ಗೆರೆ 3.7. ಆವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಒಂಬತ್ತನೇ ತರಗತಿಯಿಂದಲೇ ಆ ಅಕೌಂಟ್ ನೋಡುತ್ತಿರಿ.

ಎರಡನೆಯದು, ಝೆಲ್‌ಗೆ ಬೇಕಾದ 1200 ಒಂದೇ ಸಲ ಬರೆದ ಪರೀಕ್ಷೆಯಲ್ಲಿ ಬರಬೇಕು. ಕಾಲೇಜುಗಳು ಸೂಪರ್‌ಸ್ಕೋರ್ ಮಾಡುತ್ತವೆ, ಅಂದರೆ ಬೇರೆ ಬೇರೆ ಸಲ ಬಂದ ಒಳ್ಳೆಯ ಅಂಕಗಳನ್ನು ಕೂಡಿಸಿಕೊಳ್ಳುತ್ತವೆ. ಝೆಲ್ ಹಾಗೆ ಕೂಡಿಸುವುದಿಲ್ಲ. ನಮಗೆ ಗೊತ್ತಿರುವ ಒಂದು ಹುಡುಗಿಗೆ ಒಂದು ಸಲ ಇಂಗ್ಲಿಷ್ 620, ಗಣಿತ 560. ಇನ್ನೊಂದು ಸಲ ಇಂಗ್ಲಿಷ್ 570, ಗಣಿತ 620. ಕೂಡಿಸಿದರೆ 1240. ಆದರೆ ಒಂದೊಂದಾಗಿ ನೋಡಿದರೆ 1180, 1190. ಸೂಪರ್‌ಸ್ಕೋರ್ ಇದೆ, ಸಾಕು ಅಂತ ಅವರ ಮನೆಯಲ್ಲಿ ಮೂರನೇ ಸಲ ಬರೆಸಲಿಲ್ಲ. ಗೊತ್ತಾದಾಗ ತಡವಾಗಿತ್ತು. ಹತ್ತು ಅಂಕ. ಆ ತಾಯಿಯ ಮುಖ ನನಗೆ ಇನ್ನೂ ಕಣ್ಣ ಮುಂದೆ ಇದೆ.

ಈಗ ಬ್ಲೂಬುಕ್‌ಗೆ ಬರುತ್ತೇನೆ. ಲ್ಯಾಪ್‌ಟಾಪ್ ಅಥವಾ ಐಪ್ಯಾಡ್ ಬೇಕು, ಫೋನಿನಲ್ಲಿ ಆಗುವುದಿಲ್ಲ. ಕ್ರೋಮ್‌ಬುಕ್ ಆದರೆ ಶಾಲೆ ಕೊಟ್ಟಿದ್ದೇ ಆಗಬೇಕು, ಮನೆಗೆ ನಾವು ಕೊಂಡಿದ್ದು ನಡೆಯುವುದಿಲ್ಲ. ಪರೀಕ್ಷೆ ಒಟ್ಟು 2 ಗಂಟೆ 14 ನಿಮಿಷ. ಇಂಗ್ಲಿಷ್‌ನಲ್ಲಿ 27 ಪ್ರಶ್ನೆಗಳ ಎರಡು ಭಾಗ, ಒಂದೊಂದಕ್ಕೆ 32 ನಿಮಿಷ. ಹತ್ತು ನಿಮಿಷ ಬಿಡುವು. ಆಮೇಲೆ ಗಣಿತ, 22 ಪ್ರಶ್ನೆಗಳ ಎರಡು ಭಾಗ, ಒಂದೊಂದಕ್ಕೆ 35 ನಿಮಿಷ. ಪರದೆಯ ಮೇಲೇ ಡೆಸ್ಮೋಸ್ ಕ್ಯಾಲ್ಕುಲೇಟರ್, ಪ್ರಶ್ನೆಗೆ ಗುರುತು ಹಾಕಿ ಮುಂದೆ ಹೋಗುವ ಬಾವುಟ, ಬೇಡವಾದ ಉತ್ತರಕ್ಕೆ ಗೀಟು ಹಾಕುವ ಬಟನ್, ಎಲ್ಲ ಇದೆ. ಗಡಿಯಾರ ನೋಡಿ ಗಾಬರಿಯಾಗುವ ಮಕ್ಕಳು ಅದನ್ನು ಮರೆಮಾಡಬಹುದು, ಕೊನೇ ಐದು ನಿಮಿಷಕ್ಕೆ ಅದೇ ಎಚ್ಚರಿಸುತ್ತದೆ. ನಮ್ಮವಳು ಮರೆಮಾಡಿದ ಮೇಲೆಯೇ ಸಮಾಧಾನವಾಗಿ ಬರೆಯಲು ಶುರು ಮಾಡಿದ್ದು.

ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಏನೆಂದರೆ, ನಿಜವಾದ ಪರೀಕ್ಷೆ ನಡೆಯುವ ರೀತಿಯಲ್ಲೇ ಅಭ್ಯಾಸವೂ ನಡೆಯುತ್ತದೆ. ಮೊದಲ ಭಾಗ ಚೆನ್ನಾಗಿ ಮಾಡಿದರೆ ಎರಡನೇ ಭಾಗದಲ್ಲಿ ಕಷ್ಟದ ಪ್ರಶ್ನೆಗಳು ಬರುತ್ತವೆ. ಮೊದಲ ಭಾಗ ಕೆಟ್ಟರೆ ಎರಡನೆಯದು ಸುಲಭವಾಗುತ್ತದೆ, ಆದರೆ ಅಲ್ಲಿ ಎಲ್ಲ ಸರಿ ಬರೆದರೂ ಸ್ಕೋರ್ ಒಂದು ಮಟ್ಟದ ಮೇಲೆ ಏರುವುದಿಲ್ಲ. ಇದು ತಿಳಿದ ಮೇಲೆ ಮಗಳು ಮೊದಲ ಭಾಗವನ್ನು ಅವಸರ ಮಾಡದೆ, ಎರಡು ಸಲ ನೋಡಿ ಬರೆಯುವುದನ್ನು ರೂಢಿ ಮಾಡಿಕೊಂಡಳು. ಎರಡನೇ ಭಾಗ ಕಷ್ಟ ಅನ್ನಿಸಿದರೆ "ಸದ್ಯ, ಮೊದಲನೆಯದು ಚೆನ್ನಾಗಿ ಆಗಿದೆ" ಅಂತ ಅವಳಿಗೇ ಧೈರ್ಯ ಬರುತ್ತಿತ್ತು.

ನಾನು ಕೊಟ್ಟ ಒಂದು ತಪ್ಪು ಸಲಹೆಯನ್ನೂ ಹೇಳಬೇಕು. "ಗೊತ್ತಿಲ್ಲದಿದ್ದರೆ ಖಾಲಿ ಬಿಡು" ಅಂದಿದ್ದೆ. ನಮ್ಮ ಕಡೆ ನೀಟ್, ಜೆಇಇ ಬರೆಯುವವರ ಮನೆಯಲ್ಲಿ ಎಲ್ಲರೂ ಹೇಳುವ ಮಾತು ಅದು, ಅಲ್ಲಿ ತಪ್ಪಿಗೆ ಅಂಕ ಕಳೆಯುತ್ತಾರೆ. ಸ್ಯಾಟ್‌ನಲ್ಲಿ ಕಳೆಯುವುದಿಲ್ಲ. ಮೊದಲ ಎರಡು ಅಭ್ಯಾಸ ಪರೀಕ್ಷೆಯಲ್ಲಿ ಅವಳು ಆರೇಳು ಪ್ರಶ್ನೆ ಸುಮ್ನೆ ಬಿಟ್ಟಿದ್ದಳು. ದಯವಿಟ್ಟು ಒಂದನ್ನೂ ಬಿಡಬೇಡಿ.

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಡೈನಿಂಗ್ ಟೇಬಲ್ ಖಾಲಿ ಮಾಡುತ್ತಿದ್ದೆವು. ನಿಜವಾದ ಪರೀಕ್ಷೆಯೂ ಬೆಳಿಗ್ಗೆಯೇ ಇರುವುದು. ಅವಳ ಫೋನ್ ದೇವರ ಮನೆಯಲ್ಲಿ. ಚಿಕ್ಕವನಿಗೆ ಟಿವಿ ಇಲ್ಲ, ಅವನು ಅಪ್ಪನ ಜೊತೆ ಪಾರ್ಕಿಗೆ. ನಾನು ಮಿಕ್ಸಿ ಹಾಕುವ ಹಾಗಿಲ್ಲ, ಚಟ್ನಿ ಹಿಂದಿನ ರಾತ್ರಿಯೇ ರುಬ್ಬಿ ಇಡುತ್ತಿದ್ದೆ. ಬಿಡುವಿನ ಹತ್ತು ನಿಮಿಷದಲ್ಲಿ ಒಂದು ಬಾಳೆಹಣ್ಣು, ನೀರು, ಒಂದು ಸುತ್ತು ಓಡಾಟ. ಹೀಗೆ ಆರು ಪೂರ್ತಿ ಪರೀಕ್ಷೆ ಬರೆದಳು. ಅದಕ್ಕಿಂತ ಜಾಸ್ತಿ ಬರೆಸಲಿಲ್ಲ. ಬ್ಲೂಬುಕ್‌ನಲ್ಲಿ ಪೂರ್ತಿ ಪರೀಕ್ಷೆಗಳು ಇರುವುದು ಕೆಲವೇ. ವಾರಕ್ಕೊಂದು ಬರೆದರೆ ಎರಡು ಮೂರು ತಿಂಗಳಲ್ಲಿ ಮುಗಿದುಹೋಗುತ್ತವೆ. ಜೋಪಾನವಾಗಿ ಬಳಸಿ. ನಡುವೆ ಅಭ್ಯಾಸಕ್ಕೆ ಕಾಲೇಜ್ ಬೋರ್ಡ್‌ನದ್ದೇ ಪ್ರಶ್ನೆ ಬ್ಯಾಂಕ್ ಇದೆ, ಅದೂ ಉಚಿತ. ಯಾವ ವಿಷಯ, ಎಷ್ಟು ಕಷ್ಟ ಅಂತ ಆರಿಸಿಕೊಂಡು ಪ್ರಶ್ನೆ ತೆಗೆಯಬಹುದು.

ಖಾನ್ ಅಕಾಡೆಮಿಯಲ್ಲಿ ಪಾಠಗಳು ಮೂರು ಹಂತದಲ್ಲಿವೆ. ಬುನಾದಿ, ಮಧ್ಯಮ, ಮೇಲಿನ ಹಂತ. ಹೆಚ್ಚಿನ ಮಕ್ಕಳು ಮಾಡುವ ತಪ್ಪು ಏನೆಂದರೆ ನೇರವಾಗಿ ಮೇಲಿನ ಹಂತಕ್ಕೆ ಹಾರುತ್ತಾರೆ. ಮಗಳಿಗೆ ಗಣಿತ ಚೆನ್ನಾಗಿ ಬರುತ್ತದೆ ಅಂತ ನಾವೂ ಅಂದುಕೊಂಡಿದ್ದೆವು. ಬುನಾದಿ ಹಂತದಲ್ಲಿ ಶೇಕಡಾವಾರು ಲೆಕ್ಕದಲ್ಲೇ ಎಡವಿದಳು. ಒಂದು ವಸ್ತುವಿನ ಬೆಲೆ 20 ಪರ್ಸೆಂಟ್ ಏರಿ ಮತ್ತೆ 20 ಪರ್ಸೆಂಟ್ ಇಳಿದರೆ ಮೊದಲಿನ ಬೆಲೆಗೇ ಬರುತ್ತದೆ ಅಂದುಕೊಂಡಿದ್ದಳು. 100 ರೂಪಾಯಿ ಸೀರೆ ಅಂತ ತಗೋ, 120 ಆಯಿತು, ಅದರ 20 ಪರ್ಸೆಂಟ್ ಅಂದರೆ 24, ಉಳಿದಿದ್ದು 96, ಅಂತ ನಾನೇ ಹೇಳಿಕೊಟ್ಟೆ. ಕೆಳಗಿನಿಂದ ಒಂದೊಂದೇ ಮೆಟ್ಟಿಲು ಹತ್ತಿದ್ದರಿಂದ ಇಂಥ ತೂತುಗಳು ಕಂಡವು. ದಿನಕ್ಕೆ 25 ನಿಮಿಷ, ವಾರಕ್ಕೆ ಐದು ದಿನ. ಅಷ್ಟೇ. ಹಬ್ಬ, ಬ್ಯಾಂಡ್ ಸ್ಪರ್ಧೆ, ಜ್ವರ, ಇವಿದ್ದ ದಿನ ಇಲ್ಲ.

ಆದರೆ ಸ್ಕೋರ್ ಮೇಲೆತ್ತಿದ್ದು ಆ್ಯಪ್ ಒಂದೇ ಅಲ್ಲ. ನನ್ನ ಅಕ್ಕ ಅರಸೀಕೆರೆ ತಾಲೂಕಿನಲ್ಲಿ ಸರ್ಕಾರಿ ಶಾಲೆ ಟೀಚರ್. ಅಲ್ಲಿ ಎಂಟನೇ ತರಗತಿ ಮಕ್ಕಳಿಗೆ ಎನ್‌ಎಂಎಂಎಸ್ ಅಂತ ಪರೀಕ್ಷೆ ಇದೆ ಗೊತ್ತಲ್ವಾ? ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಅದರಲ್ಲಿ ಎರಡು ಪತ್ರಿಕೆ, ಮ್ಯಾಟ್ ಮತ್ತು ಸ್ಯಾಟ್. ಹೌದು, ಅಲ್ಲಿನ ಎರಡನೇ ಪತ್ರಿಕೆಯ ಹೆಸರೂ ಸ್ಯಾಟ್. ಅಕ್ಕ ಆ ಮಕ್ಕಳಿಗೆ ಸಂಜೆ ಉಳಿಸಿಕೊಂಡು ಹೇಳಿಕೊಡುತ್ತಾಳೆ. ನಾನು ಫೋನಿನಲ್ಲಿ ಕೋಚಿಂಗ್ ಕಥೆ ಹೇಳಿಕೊಂಡಾಗ ಅವಳು ಕೇಳಿದ್ದು ಒಂದೇ ಮಾತು. "ತಪ್ಪಿನ ಪುಸ್ತಕ ಇಟ್ಟಿದ್ದಾಳಾ?" ಅವಳ ಶಾಲೆಯಲ್ಲಿ ಪ್ರತಿ ಮಗುವಿನ ಹತ್ತಿರ ಒಂದು ನೋಟ್‌ಬುಕ್ ಇರುತ್ತದಂತೆ. ಸರಿ ಬಂದಿದ್ದು ಅದರಲ್ಲಿ ಬರೆಯುವ ಹಾಗಿಲ್ಲ. ತಪ್ಪಾಗಿದ್ದು ಮಾತ್ರ.

ಊರಿನಿಂದ ತಂದ ಒಂದು ಲಾಂಗ್ ಬುಕ್ ಬೀರುವಿನಲ್ಲಿ ಹಾಗೇ ಇತ್ತು. ಅದಕ್ಕೆ ನಾಲ್ಕು ಕಂಬ ಎಳೆದೆವು. ಪ್ರಶ್ನೆ ಏನು, ನಾನು ಏನು ಬರೆದೆ, ಯಾಕೆ ಹಾಗೆ ಬರೆದೆ, ಮುಂದೆ ಏನು ನೋಡಿಕೊಳ್ಳಬೇಕು. ಮೂರನೇ ಕಂಬವೇ ಮುಖ್ಯ. ಮೊದಲೆಲ್ಲ ಅವಳು ಅಲ್ಲಿ "ಸಿಲ್ಲಿ ಮಿಸ್ಟೇಕ್" ಅಂತ ಬರೆಯುತ್ತಿದ್ದಳು. ಅದನ್ನು ನಾನು ಒಪ್ಪಲಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಮೂರು ಎಕ್ಸ್‌ಗೆ 7 ಕೂಡಿಸಿದರೆ 22, ಹಾಗಾದರೆ ಆರು ಎಕ್ಸ್ ಎಷ್ಟು? ಎಕ್ಸ್ ಅಂದರೆ 5 ಅಂತ ಸರಿಯಾಗಿ ಕಂಡುಹಿಡಿದು, 5 ಅಂತಲೇ ಉತ್ತರ ಒತ್ತಿದ್ದಳು. ಆಯ್ಕೆಗಳಲ್ಲಿ 5 ಇದ್ದೇ ಇತ್ತು. ಕೇಳಿದ್ದು 30. ಅದೇ ತಪ್ಪು ಮೂರು ವಾರದಲ್ಲಿ ಒಂಬತ್ತು ಸಲ ಪುಸ್ತಕದಲ್ಲಿ ಸಿಕ್ಕಿತು. ಒಂಬತ್ತು ಸಲ ಆದರೆ ಅದು ಸಿಲ್ಲಿ ಅಲ್ಲ, ಅದು ಅಭ್ಯಾಸ. ಆಮೇಲೆ ಅವಳು ಪ್ರಶ್ನೆಯ ಕೊನೇ ಸಾಲನ್ನು ಮೊದಲು ಓದಿ, ಕೇಳಿದ್ದನ್ನು ರಫ್ ಹಾಳೆಯ ಮೇಲೆ ಬರೆದುಕೊಂಡು ಲೆಕ್ಕ ಶುರು ಮಾಡಿದಳು. ಬರೀ ಇದರಿಂದಲೇ ಮುಂದಿನ ಪರೀಕ್ಷೆಯಲ್ಲಿ ಗಣಿತದಲ್ಲಿ 40 ಅಂಕ ಜಾಸ್ತಿ ಬಂತು.

ಇಂಗ್ಲಿಷ್‌ನಲ್ಲಿ ನಾನು ಏನು ಸಹಾಯ ಮಾಡಲಿ ಅನ್ನಿಸುತ್ತಿತ್ತು. ನಾನು ಓದಿದ್ದು ಕನ್ನಡ ಮಾಧ್ಯಮ. ಅವಳು ತುಂಬಾ ತಪ್ಪು ಮಾಡುತ್ತಿದ್ದಿದ್ದು ಟ್ರಾನ್ಸಿಷನ್ ಪ್ರಶ್ನೆಗಳಲ್ಲಿ. ಎರಡು ವಾಕ್ಯದ ನಡುವೆ ಖಾಲಿ ಜಾಗ, ಅಲ್ಲಿಗೆ ಹೌಎವರ್ ಬರಬೇಕೋ, ದೇರ್‌ಫೋರ್ ಬರಬೇಕೋ, ಫಾರ್ ಎಕ್ಸಾಂಪಲ್ ಬರಬೇಕೋ ಅಂತ. ನಾಲ್ಕೂ ಆಯ್ಕೆ ಓದಿ, ಕಿವಿಗೆ ಯಾವುದು ಚೆನ್ನ ಅನ್ನಿಸುತ್ತದೋ ಅದನ್ನು ಒತ್ತುತ್ತಿದ್ದಳು. ಒಂದು ರಾತ್ರಿ ನಾನು ಬಟ್ಟೆ ಮಡಚುತ್ತಾ ಅಂದೆ, ಆಯ್ಕೆಗಳ ಮೇಲೆ ಕೈ ಇಟ್ಟು ಮುಚ್ಚು, ಎರಡು ವಾಕ್ಯ ನನಗೆ ಕನ್ನಡದಲ್ಲಿ ಹೇಳು. ಹೇಳಿದಳು. ಮಧ್ಯೆ "ಆದರೆ" ಬರುತ್ತಾ, "ಅದಕ್ಕೇ" ಬರುತ್ತಾ ಅಂತ ಕೇಳಿದೆ. ಸ್ವಲ್ಪ ಯೋಚಿಸಿ "ಆದರೆ" ಅಂದಳು. ಕೈ ತೆಗೆದು ನೋಡಿದರೆ ಹಾಗೆ ಅರ್ಥ ಬರುವುದು ಒಂದೇ ಒಂದು ಆಯ್ಕೆ. ಅವತ್ತಿನಿಂದ ಅದೇ ನಮ್ಮ ಪದ್ಧತಿ ಆಯಿತು. ಆದರೆ, ಅದಕ್ಕೇ, ಹೇಗೆಂದರೆ, ಅಲ್ಲದೆ, ಆಮೇಲೆ. ಐದು ಕನ್ನಡ ಪದ ಪುಸ್ತಕದ ರಟ್ಟಿನ ಒಳಗೆ ಅವಳ ಕೈಬರಹದಲ್ಲಿ ಈಗಲೂ ಇವೆ. ಇಲ್ಲಿ ಹುಟ್ಟಿ ಬೆಳೆದವಳ ಕನ್ನಡ ಅಕ್ಷರ ಸೊಟ್ಟ ಸೊಟ್ಟ, ಆದರೆ ಆ ಪುಟ ನಾನು ಯಾವತ್ತೂ ಬಿಸಾಡುವುದಿಲ್ಲ.

ಸ್ಯಾಟ್‌ಗೆ ಮೊದಲು ಬರೆಯುವ ಪಿಸ್ಯಾಟ್ ಪರೀಕ್ಷೆ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನ್ಯಾಷನಲ್ ಮೆರಿಟ್ ಅನ್ನುವ ದೇಶಮಟ್ಟದ ಸ್ಕಾಲರ್‌ಶಿಪ್ ಸ್ಪರ್ಧೆಗೆ ಲೆಕ್ಕ ಆಗುವುದು ಅದೊಂದೇ. 1955ರಿಂದ ನಡೆಯುತ್ತಿರುವ ಸ್ಪರ್ಧೆ ಇದು. ಹನ್ನೊಂದನೇ ತರಗತಿಯ ಅಕ್ಟೋಬರ್‌ನಲ್ಲಿ ಶಾಲೆಯಲ್ಲೇ ಬರೆಯುತ್ತಾರೆ. ಒಂಬತ್ತು, ಹತ್ತರಲ್ಲಿ ಬರೆದಿದ್ದು ಅಭ್ಯಾಸಕ್ಕೆ ಅಷ್ಟೇ. ಇದಕ್ಕೆ ನಾವು ನಾವೇ ಆನ್‌ಲೈನ್‌ನಲ್ಲಿ ಹೆಸರು ಹಾಕುವ ಹಾಗಿಲ್ಲ, ಶಾಲೆಯ ಮೂಲಕವೇ ಆಗಬೇಕು, ಆಗಸ್ಟ್‌ನಲ್ಲೇ ಶಾಲೆಯ ಕೌನ್ಸಿಲರ್, ಅಂದರೆ ಮಕ್ಕಳಿಗೆ ಮಾರ್ಗದರ್ಶನ ಮಾಡುವವರ, ಹತ್ತಿರ ಕೇಳಿಡಿ. ಸ್ಕೋರ್ 1520ಕ್ಕೆ. ಆದರೆ ನ್ಯಾಷನಲ್ ಮೆರಿಟ್‌ನವರು ನೋಡುವುದು ಬೇರೆ ಸಂಖ್ಯೆ. ಇಂಗ್ಲಿಷ್ ಅಂಕವನ್ನು ಎರಡರಿಂದ ಗುಣಿಸಿ, ಗಣಿತ ಕೂಡಿಸಿ, ಹತ್ತರಿಂದ ಭಾಗಿಸಿದರೆ ಸೆಲೆಕ್ಷನ್ ಇಂಡೆಕ್ಸ್. ಅತಿ ಹೆಚ್ಚು ಅಂದರೆ 228.

ಮಗಳಿಗೆ 2024ರ ಅಕ್ಟೋಬರ್‌ನಲ್ಲಿ ಬಂದಿದ್ದು ಇಂಗ್ಲಿಷ್ 690, ಗಣಿತ 720, ಒಟ್ಟು 1410. ಇಂಡೆಕ್ಸ್ 210. ಅದೇ 1410 ತಿರುಗುಮುರುಗಾಗಿ, ಇಂಗ್ಲಿಷ್ 720, ಗಣಿತ 690 ಆಗಿದ್ದರೆ ಇಂಡೆಕ್ಸ್ 213 ಆಗುತ್ತಿತ್ತು. ನಮ್ಮ ಮನೆಗಳಲ್ಲಿ ಎಲ್ಲರೂ ಗಣಿತದ ಹಿಂದೆಯೇ ಬೀಳುತ್ತೇವೆ. ಇಲ್ಲಿ ಇಂಗ್ಲಿಷ್‌ಗೆ ಎರಡು ಪಟ್ಟು ತೂಕ. 2026ರಲ್ಲಿ ಹೈಸ್ಕೂಲ್ ಮುಗಿಸುವ ಮಕ್ಕಳಿಗೆ ಕಮೆಂಡೆಡ್, ಅಂದರೆ ಮೆಚ್ಚುಗೆ ಪತ್ರದ, ಗೆರೆ 210. ಸರಿಯಾಗಿ ಗೆರೆಯ ಮೇಲೆ ನಿಂತಳು. ಗಣಿತದಲ್ಲಿ ಹತ್ತು ಅಂಕ ಕಡಿಮೆ ಆಗಿದ್ದರೂ ಇಲ್ಲ. ಸೆಪ್ಟೆಂಬರ್‌ನಲ್ಲಿ ಶಾಲೆಯವರು ಪತ್ರ ಕೊಟ್ಟಾಗ ಕುಣಿದುಬಿಟ್ಟಳು. ಆ ಪತ್ರದಿಂದ ನೇರವಾಗಿ ದುಡ್ಡು ಬರುವುದಿಲ್ಲ, ಅದು ನಿಮಗೆ ಗೊತ್ತಿರಲಿ. ದುಡ್ಡು ಇರುವುದು ಸೆಮಿಫೈನಲಿಸ್ಟ್ ಆಗಿ, ಆಮೇಲೆ ಫೈನಲಿಸ್ಟ್ ಆದವರಿಗೆ. ಸೆಮಿಫೈನಲ್ ಗೆರೆ ಒಂದೊಂದು ರಾಜ್ಯಕ್ಕೆ ಒಂದೊಂದು. ಅದೇ ವರ್ಷ ನ್ಯೂಜೆರ್ಸಿಯಲ್ಲಿ 225 ಬೇಕಾಗಿತ್ತು. ಎಡಿಸನ್ ಕಡೆ ಇರುವ ನಮ್ಮ ನೆಂಟರ ಮಗ 222 ತಗೊಂಡು ಕಮೆಂಡೆಡ್‌ನಲ್ಲೇ ಉಳಿದ. ಫೈನಲಿಸ್ಟ್‌ಗಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಸ್ಕಾಲರ್‌ಶಿಪ್ ಸಿಗುತ್ತದೆ. ನ್ಯಾಷನಲ್ ಮೆರಿಟ್‌ನವರೇ ಕೊಡುವುದು ಒಂದು ಸಲಕ್ಕೆ 2,500 ಡಾಲರ್. ದೊಡ್ಡ ದುಡ್ಡು ಬರುವುದು ಫೈನಲಿಸ್ಟ್‌ಗಳನ್ನು ಕರೆದು ಸೇರಿಸಿಕೊಳ್ಳುವ ಅಲಬಾಮಾದಂಥ ಯೂನಿವರ್ಸಿಟಿಗಳಿಂದ, ಅಲ್ಲಿ ಟ್ಯೂಷನ್ ಜೊತೆ ಹಾಸ್ಟೆಲ್ ಖರ್ಚೂ ಕೊಡುತ್ತಾರೆ. ಅದೇ ಅಲಬಾಮಾದವರು ಫೈನಲಿಸ್ಟ್ ಅಲ್ಲದ ಮಕ್ಕಳಿಗೂ ಇಷ್ಟು ಸ್ಯಾಟ್, ಇಷ್ಟು ಜಿಪಿಎ ಇದ್ದರೆ ಇಷ್ಟು ದುಡ್ಡು ಅಂತ ಪಟ್ಟಿಯನ್ನೇ ಹಾಕಿರುತ್ತಾರೆ. ಇನ್ನು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಕಡೆ ನೋಡುವವರಿಗೆ ಒಂದು ಮಾತು. ಐವಿ ಲೀಗ್ ಕಾಲೇಜುಗಳಲ್ಲಿ ಮೆರಿಟ್ ಸ್ಕಾಲರ್‌ಶಿಪ್ ಇಲ್ಲವೇ ಇಲ್ಲ. ಮನೆಯ ಆದಾಯ ನೋಡಿ ಮಾತ್ರ ಸಹಾಯ.

ನನ್ನ ಮನಸ್ಸಿಗೆ ನೋವಾಗುವ ವಿಷಯ ಒಂದಿದೆ. ನಮ್ಮ ಬೀದಿಯಲ್ಲೇ ಇರುವ ಒಬ್ಬ ಹುಡುಗ, ಮೂರನೇ ವಯಸ್ಸಿಗೆ ಇಲ್ಲಿಗೆ ಬಂದವನು. ಸ್ಯಾಟ್‌ನಲ್ಲಿ 1520. ಹೋಪ್ ಜಿಪಿಎ 4.0. ಅವನ ಅಪ್ಪ ಅಮ್ಮ ಹತ್ತು ವರ್ಷಕ್ಕಿಂತ ಜಾಸ್ತಿ ಗ್ರೀನ್ ಕಾರ್ಡ್ ಸಾಲಿನಲ್ಲಿದ್ದಾರೆ, ಅವನು ಎಚ್4, ಅಂದರೆ ಕೆಲಸದ ವೀಸಾದವರ ಮನೆಯವರಿಗೆ ಕೊಡುವ ವೀಸಾದಲ್ಲಿದ್ದಾನೆ. ಹೋಪ್ ಆಗಲಿ ಝೆಲ್ ಆಗಲಿ ಅವನಿಗೆ ಸಿಗುವುದಿಲ್ಲ. ನಮಗೆ 2021ರಲ್ಲಿ ಗ್ರೀನ್ ಕಾರ್ಡ್ ಬಂತು, ಅದಕ್ಕೇ ನಮ್ಮ ಮಗಳಿಗೆ ಸಿಗುತ್ತಿದೆ. ಅವನು ನಮ್ಮವಳಿಗಿಂತ ಚೆನ್ನಾಗಿ ಓದುತ್ತಾನೆ, ಅವಳಿಗೆ ಎಷ್ಟೋ ಸಲ ಲೆಕ್ಕ ಹೇಳಿಕೊಟ್ಟಿದ್ದಾನೆ. ಎಚ್4ನಲ್ಲಿರುವ ಮಕ್ಕಳ ತಂದೆ ತಾಯಿ ರಾಜ್ಯದ ಸ್ಕಾಲರ್‌ಶಿಪ್ ನಂಬಿ ಕೂರಬೇಡಿ. ಕಾಲೇಜುಗಳು ತಾವೇ ಕೊಡುವ ಮೆರಿಟ್ ದುಡ್ಡಿಗೆ ಎಷ್ಟೋ ಕಡೆ ವೀಸಾ ಅಡ್ಡ ಬರುವುದಿಲ್ಲ. ಅಂಥ ಕಾಲೇಜುಗಳ ಪಟ್ಟಿಯನ್ನು ಹನ್ನೊಂದನೇ ತರಗತಿಯಲ್ಲೇ ಮಾಡಿಕೊಳ್ಳಿ, ಒಂದೊಂದು ಕಡೆಗೂ ಈಮೇಲ್ ಹಾಕಿ ಕೇಳಿ. ಆ ಹುಡುಗನ ತಾಯಿ ಹಾಗೇ ಮಾಡುತ್ತಿದ್ದಾರೆ.

ಈ ಎರಡು ಆ್ಯಪ್ ಯಾರಿಗೆ ಸಾಲುವುದಿಲ್ಲ ಅಂತಲೂ ಹೇಳುತ್ತೇನೆ. ಪಕ್ಕದಲ್ಲಿ ಯಾರಾದರೂ ಕೂರದಿದ್ದರೆ ಪುಸ್ತಕ ತೆರೆಯದ ಮಕ್ಕಳಿರುತ್ತಾರೆ. ಆ್ಯಪ್ ಕೂಗಿ ಕರೆಯುವುದಿಲ್ಲ. ಅಂಥ ಮಗುವಿಗೆ ಒಬ್ಬ ಮನುಷ್ಯ ಬೇಕು, ಅದು ಕಾಲೇಜಿಗೆ ಹೋಗುವ ಅಣ್ಣನೋ ಅಕ್ಕನೋ ಆದರೂ ಸಾಕು. ಇಂಗ್ಲಿಷ್ ಪುಸ್ತಕ ಓದುವ ರೂಢಿಯೇ ಇಲ್ಲದ ಮಗುವಿಗೂ ಬರೀ ಪ್ರಶ್ನೆ ಮಾಡಿದರೆ ಸ್ಕೋರ್ ಏರುವುದು ಕಷ್ಟ. ನಮ್ಮವಳು ಚಿಕ್ಕವಳಿದ್ದಾಗಿನಿಂದ ಲೈಬ್ರರಿಯಿಂದ ಚೀಲ ತುಂಬಾ ಪುಸ್ತಕ ತರುತ್ತಿದ್ದಳು. ಅದರ ಪಾಲು ದೊಡ್ಡದು. ಆ್ಯಪ್‌ಗೇ ಎಲ್ಲಾ ಹೆಸರು ಕೊಟ್ಟರೆ ತಪ್ಪಾಗುತ್ತದೆ.

ನನ್ನ ಲೆಕ್ಕದಲ್ಲಿ ಬ್ಲೂಬುಕ್‌ಗೆ ಐದಕ್ಕೆ ಐದು, ಖಾನ್ ಅಕಾಡೆಮಿಗೆ ನಾಲ್ಕೂವರೆ. ಆ ಅರ್ಧ ಕಳೆದಿದ್ದು ಇಂಗ್ಲಿಷ್ ಭಾಗಕ್ಕೆ. ಗಣಿತದ ಪಾಠದಷ್ಟು ಅದು ಆಳಕ್ಕೆ ಇಳಿಯುವುದಿಲ್ಲ ಅಂತ ನನ್ನ ಅಭಿಪ್ರಾಯ. ಸ್ಯಾಟ್ ಶುಲ್ಕ ನಾವು ಕಟ್ಟಿದಾಗ ಒಂದು ಸಲಕ್ಕೆ 68 ಡಾಲರ್. ಮಾರ್ಚ್‌ನಲ್ಲಿ 1420, ಆಗಸ್ಟ್‌ನಲ್ಲಿ 1490, ಎರಡೇ ಸಲ. ಶಾಲೆಯಲ್ಲಿ ಉಚಿತ ಊಟ ಪಡೆಯುವ ಮಕ್ಕಳಿಗೆ ಎರಡು ಸಲ ಶುಲ್ಕ ಇಲ್ಲದೆ ಬರೆಯಲು ಅವಕಾಶ ಇದೆ, ಕೌನ್ಸಿಲರ್ ಕೈಯಲ್ಲಿ ಕೂಪನ್ ಇರುತ್ತದೆ, ಕೇಳುವುದಕ್ಕೆ ಸಂಕೋಚ ಬೇಡ.

ಪರೀಕ್ಷೆಗೆ ಹೋಗುವ ದಿನದ ಬಗ್ಗೆ ಕೊನೆಯದಾಗಿ. ಹತ್ತಿರದ ಪರೀಕ್ಷಾ ಸೆಂಟರ್‌ಗಳು ಬೇಗ ತುಂಬಿಹೋಗುತ್ತವೆ. ಮಾರ್ಚ್‌ನಲ್ಲಿ ನಾವು 50 ಮೈಲಿ ಆಚೆ ಹೋಗಬೇಕಾಯಿತು, ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟೆವು. ಆಗಸ್ಟ್‌ನದ್ದನ್ನು ತಿಂಗಳುಗಟ್ಟಲೆ ಮೊದಲೇ ಹಾಕಿದ್ದರಿಂದ ಹತ್ತು ನಿಮಿಷದ ದೂರದಲ್ಲಿ ಸಿಕ್ಕಿತು. ಪರೀಕ್ಷೆಗೆ ಐದು ದಿನ ಮೊದಲಿನಿಂದ ಬ್ಲೂಬುಕ್‌ನಲ್ಲಿ ಎಕ್ಸಾಮ್ ಸೆಟಪ್ ಮಾಡಬಹುದು, ಅಲ್ಲೇ ಪ್ರವೇಶ ಪತ್ರ ಬರುತ್ತದೆ. ಪ್ರಿಂಟ್ ತೆಗೆದಿಡಿ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿ. ನೆಟ್ ಹೋದರೂ, ಲ್ಯಾಪ್‌ಟಾಪ್ ಆಫ್ ಆದರೂ ಬರೆದಿದ್ದು ಉಳಿದಿರುತ್ತದೆ, ಮಗುವಿಗೆ ಇದನ್ನು ಮೊದಲೇ ಹೇಳಿ, ಗಾಬರಿಯಾಗುವುದಿಲ್ಲ. ಬಿಡುವಿಗೆ ಬಾಳೆಹಣ್ಣು, ನೀರು. ಫೋಟೋ ಇರುವ ಐಡಿ. ಚಾರ್ಜರ್.